ಗಾಲಿಕುರ್ಚಿಯ ವೈದ್ಯೆ

ಕೊಚ್ಚಿಯಲ್ಲಿ 1925ರಲ್ಲಿ ಜನಿಸಿದ ಮೇರಿ ವರ್ಗೀಸ್ ವೆಲ್ಲೂರಿನಲ್ಲಿ ಓದಿ ವೈದ್ಯೆಯಾದರು. 1954ರಲ್ಲಿ ವಾಹನ ಅಪಘಾತದಿಂದ ಬೆನ್ನುಹುರಿಗೆ ಪೆಟ್ಟಾಗಿ ಅವರ ಕಾಲುಗಳು ಸ್ವಾಧೀನ ತಪ್ಪಿದವು. ಬಳ್ಳಾರಿ ಸೀಮೆಯ ರಾರಾವಿಯಂತಹ ಊರುಗಳಲ್ಲಿ, ಮರದಿಂದ ಬಿದ್ದು ಬೆನ್ನು ಮುರಿದವನನ್ನು ಮೂಲೆಯ ಮಂಚಕ್ಕೆ ಒಪ್ಪಿಸಿ, ಒತ್ತುಹುಣ್ಣು ಕೀವಾಗುವುದನ್ನು ನೋಡುತ್ತ ಕುಳಿತಿರುತ್ತಿದ್ದ ಕಾಲವದು.

ಕುಷ್ಠರೋಗಿಗಳ ಮುದುಡಿದ ಕೈಬೆರಳುಗಳಿಗೆ ಕುಳಿತೇ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟರು. ಮೇರಿ ಅದರಲ್ಲಿ ಪಳಗಿದರು. ಅಷ್ಟಕ್ಕೇ ತೃಪ್ತರಾಗುವ ಜೀವವಲ್ಲ ಅದು! ಆಸ್ಟ್ರೇಲಿಯದ ಪರ್ತ್‌ನಲ್ಲಿ ರೋಗಿಯಾಗಿ ಪುನರ್ವಸತಿ ಚಿಕಿತ್ಸೆ ಪಡೆದರು. ನ್ಯೂಯಾರ್ಕಿನಲ್ಲಿ ವೈದ್ಯೆಯಾಗಿ ಅದೇ ಶಾಸ್ತ್ರವನ್ನು ಕಲಿತರು.

1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರವು ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು; 1986ರಲ್ಲಿ ಅವರು ತೀರಿಕೊಂಡರು. ಹಾಸಿಗೆಯಿಂದ ಕುರ್ಚಿಗೆ ತಾನೇ ದಾಟುವುದನ್ನೂ ಕುಳಿತು ಮಾಡುವ ಕಸುಬನ್ನೂ ಆ ಕೇಂದ್ರದಲ್ಲಿ ರೋಗಿಗಳು ಕಲಿತರು; ಮಂಚ ಬಿಟ್ಟು ಮನೆಯ ಅಂಗಳಕ್ಕೆ ಬಂದರು.