ವಾಲ್ಟರ್ ಡ್ಯಾಂಡಿ

ವಾಲ್ಟರ್ ಎಡ್ವರ್ಡ್ ಡ್ಯಾಂಡಿ (ಏಪ್ರಿಲ್ 6, 1886 – ಏಪ್ರಿಲ್ 19, 1946) ಅಮೆರಿಕದ ಹೆಸರಾಂತ ನರಶಸ್ತ್ರಚಿಕಿತ್ಸಕರು. ಮಿದುಳಿನ ಅಪಧಮನಿಯ ಗೋಡೆ ದುರ್ಬಲಗೊಂಡು ಚೀಲದಂತೆ ಉಬ್ಬುವ ಅನ್ಯೂರಿಸಂ ಎಂಬ ವ್ಯಾಧಿಗೆ ಕ್ಲಿಪ್ ಹಾಕಿ ಯಶಸ್ವಿಯಾಗಿ ಚಿಕಿತ್ಸೆ ನೀಡಿದವರಲ್ಲಿ ಇವರೇ ಮೊದಲಿಗರು.

ಜನನ ಮತ್ತು ಶಿಕ್ಷಣ

ಡ್ಯಾಂಡಿ ಮಿಸೌರಿ ರಾಜ್ಯದ ಸೆಡೇಲಿಯಾದಲ್ಲಿ ಜನಿಸಿದರು. ಇಂಗ್ಲೆಂಡಿನಿಂದ ವಲಸೆ ಬಂದಿದ್ದ ತಂದೆ ರೈಲು ಎಂಜಿನ್ ಚಾಲಕರಾಗಿದ್ದರು; ತಾಯಿ ಐರ್ಲೆಂಡಿನವರು. 1910ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದು, ಹಾರ್ವೆ ಕುಶಿಂಗ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಗುರುಶಿಷ್ಯರಲ್ಲಿ ಸಾಮರಸ್ಯ ಉಳಿಯಲಿಲ್ಲ. 1912ರಲ್ಲಿ ಬಾಸ್ಟನ್ನಿಗೆ ತೆರಳಿದ ಕುಶಿಂಗ್ ಇವರನ್ನು ಜೊತೆಗೆ ಕರೆದೊಯ್ಯಲಿಲ್ಲ. ಡ್ಯಾಂಡಿ ಜೀವನಪರ್ಯಂತ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿಯೇ ಸೇವೆ ಸಲ್ಲಿಸಿದರು.

ಸಂಶೋಧನೆ

ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ತಲೆಬುರುಡೆ ಕಾಣುತ್ತದೆಯೇ ಹೊರತು ಮಿದುಳಿನ ಒಳಭಾಗ ಸ್ಪಷ್ಟವಾಗಿ ಕಾಣದು. ಮಿದುಳಿನ ಕುಹರಗಳಿಗೆ ಗಾಳಿಯನ್ನು ತುಂಬಿ ಚಿತ್ರ ತೆಗೆಯುವ ವಿಧಾನವನ್ನು ಡ್ಯಾಂಡಿ 1918ರಲ್ಲಿ ಪ್ರಕಟಿಸಿದರು. ಇದರಿಂದ ಗಡ್ಡೆಯಿರುವ ಸ್ಥಳವನ್ನು ಶಸ್ತ್ರಕ್ರಿಯೆಗೆ ಮೊದಲೇ ಗುರುತಿಸುವುದು ಸಾಧ್ಯವಾಯಿತು.

ಅನ್ಯೂರಿಸಂ ಶಸ್ತ್ರಚಿಕಿತ್ಸೆ

ಉಬ್ಬಿದ ಚೀಲ ಒಡೆದರೆ ಮಿದುಳಿನ ಸುತ್ತ ರಕ್ತಸ್ರಾವವಾಗಿ ರೋಗಿ ಹಠಾತ್ತನೆ ಸಾಯಬಹುದು. ಅಂದಿನ ವೈದ್ಯರು ಕತ್ತಿನಲ್ಲಿರುವ ದೊಡ್ಡ ಅಪಧಮನಿಯನ್ನು ಕಟ್ಟಿ ರಕ್ತದ ಒತ್ತಡವನ್ನು ತಗ್ಗಿಸುತ್ತಿದ್ದರು. ಇದರಿಂದ ಮಿದುಳಿಗೆ ರಕ್ತದ ಕೊರತೆಯಾಗುವ ಅಪಾಯವಿತ್ತು. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಅನ್ಯೂರಿಸಂಗೆ ಮಾಂಸಖಂಡದ ತುಣುಕನ್ನು ಹೊದಿಸಿ ಬಲಪಡಿಸಿದರು.

1937ರ ಮಾರ್ಚ್ 23ರಂದು ಡ್ಯಾಂಡಿ ಬೇರೊಂದು ಮಾರ್ಗವನ್ನು ಹಿಡಿದರು. ರೋಗಿ 43 ವರ್ಷದ ಪುರುಷ. ಅನ್ಯೂರಿಸಂ ಕಣ್ಣಿನ ಚಲನೆಯ ನರವನ್ನು ಒತ್ತಿದ್ದರಿಂದ ಆತನ ರೆಪ್ಪೆ ಜೋತುಬಿದ್ದಿತ್ತು. ಡ್ಯಾಂಡಿ ತಲೆಬುರುಡೆಯನ್ನು ತೆರೆದು, ಚೀಲವು ಅಪಧಮನಿಗೆ ಕೂಡುವ ಕಿರಿದಾದ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ ಹಾಕಿದರು. ಚೀಲಕ್ಕೆ ರಕ್ತ ಹರಿಯುವುದು ನಿಂತಿತು. ಮೂಲ ಅಪಧಮನಿಯ ಹರಿವಿಗೆ ಅಡ್ಡಿಯಾಗಲಿಲ್ಲ. ರೋಗಿ ಚೇತರಿಸಿಕೊಂಡನು. ಈ ವಿಷಯವನ್ನು ಕುರಿತ ಇವರ ಗ್ರಂಥ 1944ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಪ್ರಭಾವ

ಡ್ಯಾಂಡಿ ಹೃದಯಾಘಾತದಿಂದ ಬಾಲ್ಟಿಮೋರ್‌ನಲ್ಲಿ ನಿಧನರಾದರು. ಮುಂದೆ ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕವೂ ಸುಧಾರಿತ ಕ್ಲಿಪ್‌ಗಳೂ ಬಂದು ಈ ಚಿಕಿತ್ಸೆ ಹೆಚ್ಚು ಸುರಕ್ಷಿತವಾಯಿತು. 1990ರಲ್ಲಿ ಇಟಲಿಯ ಗುಯಿಡೋ ಗುಗ್ಲಿಯೆಲ್ಮಿ ಅವರ ಪ್ಲಾಟಿನಂ ಸುರುಳಿ ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಬಳಕೆಯಾಯಿತು. ಇದರಲ್ಲಿ ತಲೆಬುರುಡೆಯನ್ನು ತೆರೆಯಬೇಕಿಲ್ಲ; ತೊಡೆಸಂದಿನ ಅಪಧಮನಿಯ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ ಚೀಲದೊಳಗೆ ಸುರುಳಿಯನ್ನು ತುಂಬುತ್ತಾರೆ. ವಿಧಾನ ಬೇರೆಯಾದರೂ, ಚೀಲವನ್ನು ಮುಚ್ಚಿ ಮೂಲ ಅಪಧಮನಿಯನ್ನು ಉಳಿಸಬೇಕೆಂಬ ಉದ್ದೇಶ ಎರಡರಲ್ಲಿಯೂ ಒಂದೇ.