ಹೈನು ರಾಸಿನ ತಳಿಗೆ ಲೆಕ್ಕ ಕಲಿಸಿದ ಡಾ. ಜೇ ಲಷ್

ಹೈನುರಾಸುಗಳ ತಳಿ ಸುಧಾರಣೆಗೆ ಗಣಿತದ ಬುನಾದಿ ಹಾಕಿದ ಮಹನೀಯರು ಡಾ. ಜೇ ಲಷ್. ಇವರು 1896ರಲ್ಲಿ ಅಮೆರಿಕಾದ ಅಯೋವಾ ರಾಜ್ಯದಲ್ಲಿ ಜನಿಸಿದರು. 1922ರಲ್ಲಿ ಡಾಕ್ಟರೇಟ್ ಪಡೆದು, 1930ರಿಂದ ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಪಾಠ ಹೇಳಿದರು.

ಆ ಕಾಲದಲ್ಲಿ ಮೈಕಟ್ಟು, ವಂಶದ ಹೆಸರು, ಪ್ರದರ್ಶನದ ಬಹುಮಾನ ನೋಡಿ ಹೋರಿ ಆರಿಸೋದೇ ರೂಢಿ. ಲಷ್ ಅವರು ಇದಕ್ಕೆ ಒಪ್ಪಲಿಲ್ಲ. ಷಿಕಾಗೋಗೆ ಹೋಗಿ ಸೀವಲ್ ರೈಟ್ ಅವರ ಪಾಠ ಕೇಳಿ, ಆ ಗಣಿತವನ್ನು ಕೊಟ್ಟಿಗೆಗೆ ತಂದರು. 1937ರಲ್ಲಿ ತಳಿ ಯೋಜನೆಯ ಗ್ರಂಥ ಹೊರತಂದರು.

ಈ ಲೆಕ್ಕ ತಿಳಿಸಿದ್ದೇನು? ಹಸುವಿನಿಂದ ಹಸುವಿಗೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ಮಾತ್ರ ವಂಶದಿಂದ ಬಂದದ್ದು. ಉಳಿದದ್ದು ಮೇವು, ಆರೈಕೆ, ಹವಾಮಾನದ್ದು. ಫ್ಯಾಟಿನ ಶೇಕಡಾ ಪ್ರಮಾಣದಲ್ಲಾದರೋ ವಂಶದ ಪಾಲು ಸುಮಾರು ಅರ್ಧ. ಆದರೆ ಬರೀ ಹಾಲು ಹೆಚ್ಚಲಿ ಅಂತ ತಳಿ ಆರಿಸಿದರೆ ಫ್ಯಾಟು ಇಳಿಯುತ್ತೆ. ಎರಡನ್ನೂ ತೂಗಿ ನೋಡಬೇಕು.

ಹೋರಿ ಹಾಲು ಕೊಡೋದಿಲ್ಲ. ಅದರ ಹೆಣ್ಣುಕರುಗಳು ದೊಡ್ಡವಾಗಿ ಕೊಡುವ ಹಾಲೇ ಅದರ ಯೋಗ್ಯತೆ. 1968ರ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪದಕ ಪಡೆದ ಲಷ್ ಅವರು 1982ರಲ್ಲಿ ತೀರಿಕೊಂಡರು.

ರೈತ ಬಾಂಧವರೇ, ಒಂದೊಂದು ರಾಸಿನ ಹಾಲನ್ನೂ ಬೇರೆ ಬೇರೆ ಅಳೆದು ಬರೆದಿಡಿ. ಆ ಬರಹವಿಲ್ಲದೆ ಒಳ್ಳೆ ಹೋರಿ ಯಾವುದು ಅಂತ ಯಾವ ಪಂಡಿತರೂ ಹೇಳಲಾರರು.