ಕಣಜಕ್ಕೆ ಸೇರದ ಅನ್ನ: ಪ್ರವಾದಿ ಮೋಶೆ

ಧರ್ಮಸಭೆಯ ಸಂತಸ್ಮರಣೆಯ ಪಟ್ಟಿಯಲ್ಲಿ ಸೆಪ್ಟೆಂಬರ್ 4 ಪ್ರವಾದಿ ಮೋಶೆಯ ದಿನ. ಪಾಲಕ ಸಂತರ ಹಬ್ಬಗಳನ್ನು ತೇರು, ದೀಪ, ಬ್ಯಾಂಡುಗಳೊಡನೆ ಆಚರಿಸುವ ನಮ್ಮ ಊರುಗಳಲ್ಲಿ ಈ ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ. ಸಮುದ್ರವನ್ನು ದಾಟಿಸಿದವನೆಂದು, ಹತ್ತು ಕಟ್ಟಳೆಗಳನ್ನು ಬೆಟ್ಟದಿಂದ ಹೊತ್ತು ತಂದವನೆಂದು ಮೋಶೆಯನ್ನು ಧರ್ಮೋಪದೇಶದ ತರಗತಿಯ ಮಕ್ಕಳೂ ಬಲ್ಲರು. ಆದರೆ ನಲವತ್ತು ವರ್ಷ ತನ್ನ ಜನರೊಡನೆ ಬಾನಿನಿಂದಿಳಿದ ಮನ್ನವನ್ನೇ ಉಂಡು, ಕಾನಾನ್ ನಾಡಿನ ಬೆಳೆಯ ಒಂದು ತುತ್ತನ್ನೂ ಸವಿಯದೆ ಕಣ್ಣು ಮುಚ್ಚಿದ ಮೋಶೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಸುತ್ತಿನದು ರಾಗಿಯ ಸೀಮೆ. ರಾಗಿಯ ದೊಡ್ಡ ಗುಣವೆಂದರೆ ಅದು ಸುಲಭವಾಗಿ ಹುಳು ಹಿಡಿಯುವುದಿಲ್ಲ. ಕತ್ತು ಕಿರಿದಾಗಿ, ಹೊಟ್ಟೆ ಅಗಲವಾಗಿ ಗಟ್ಟಿ ನೆಲದಲ್ಲಿ ತೋಡಿದ ಹಗೇವುಗಳಲ್ಲಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಆಮೇಲೆಯೇ ಇಳಿಯುತ್ತಿದ್ದರು. ನಮ್ಮ ಹಿರಿಯರ ಈ ಎಚ್ಚರ ಬರಿಯ ಆಸೆಬುರುಕತನವಲ್ಲ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ನಂತರ ಮೈಸೂರು ಸಂಸ್ಥಾನದ ಜನಗಣತಿ ನಡೆದಾಗ, 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಇಂತಹ ನೆಲದ ರೈತನು ವಿಮೋಚನಾಕಾಂಡದ ಹದಿನಾರನೆಯ ಅಧ್ಯಾಯವನ್ನು ಕೇಳಿದಾಗ ಒಂದು ಸಂಶಯ ಏಳುವುದು ಸಹಜ. ಒಂದು ರಾತ್ರಿ ಉಳಿಸಿದರೆ ಹುಳು ಬಿದ್ದು ನಾರುವ ಆಹಾರವನ್ನು ದೇವರು ಹಸಿದವರಿಗೆ ಏಕೆ ದಯಪಾಲಿಸಿದರು? ಉತ್ತರವಿರುವುದು ಮೋಶೆಯ ಬದುಕಿನಲ್ಲಿಯೇ.

ಮೋಶೆ ಹುಟ್ಟಿದ್ದು ಕಣಜಗಳ ನಾಡಿನಲ್ಲಿ. ಅವನಿಗಿಂತ ಬಹಳ ಹಿಂದೆ, ಯಕೋಬನ ಮಗ ಜೋಸೆಫನು ಈಜಿಪ್ಟಿನಲ್ಲಿ ಏಳು ಸುಭಿಕ್ಷ ವರ್ಷಗಳ ಧಾನ್ಯವನ್ನು ಕೂಡಿಟ್ಟು ಏಳು ವರ್ಷಗಳ ಬರದಲ್ಲಿ ಜನರನ್ನು ಉಳಿಸಿದನು. ಅದು ಪುಣ್ಯಕಾರ್ಯವೇ ಸರಿ. ಆದರೆ ಆದಿಕಾಂಡವನ್ನು ಪೂರ್ತಿಯಾಗಿ ಓದಿದವರಿಗೆ ಇನ್ನೊಂದು ಮಾತೂ ಕಣ್ಣಿಗೆ ಬೀಳುತ್ತದೆ. ಧಾನ್ಯಕ್ಕಾಗಿ ಈಜಿಪ್ಟಿನವರು ಮೊದಲು ಹಣವನ್ನು, ಅನಂತರ ದನಕರುಗಳನ್ನು, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿಬಿಟ್ಟರು. ಕಾಲ ಉರುಳಿ ಜೋಸೆಫನನ್ನು ಅರಿಯದ ಅರಸನು ಬಂದಾಗ ಇಸ್ರಯೇಲರೂ ಗುಲಾಮರಾದರು. ಅವರ ಬೆನ್ನಿನ ಮೇಲೆ ಹೇರಿದ ಬಿಟ್ಟಿ ಕೆಲಸವಾದರೂ ಯಾವುದು? ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣ ನಗರಗಳನ್ನು ಕಟ್ಟುವುದು! ಬಹುಮಂದಿ ವಿದ್ವಾಂಸರು ಈ ಘಟನೆಗಳನ್ನು ಕ್ರಿಸ್ತಪೂರ್ವ 13ನೇ ಶತಮಾನಕ್ಕೆ ಸೇರಿಸುತ್ತಾರೆ.

ಗಂಡುಕೂಸುಗಳನ್ನು ನೈಲ್ ನದಿಗೆ ಎಸೆಯಬೇಕೆಂಬ ಆಜ್ಞೆಯಿದ್ದ ಕಾಲದಲ್ಲಿ ಜನಿಸಿದ ಮೋಶೆಯನ್ನು ತಾಯಿ ಮೂರು ತಿಂಗಳು ಬಚ್ಚಿಟ್ಟು, ರಾಳ ಬಳಿದ ಆಪಿನ ಬುಟ್ಟಿಯಲ್ಲಿ ನದಿಯ ಜೊಂಡಿನ ನಡುವೆ ಬಿಟ್ಟಳು. ಫರೋಹನ ಮಗಳು ಎತ್ತಿಕೊಂಡಳು. ಹೆತ್ತವಳೇ ಕೂಲಿಯ ದಾದಿಯಾಗಿ ಹಾಲೂಡಿದಳು. ಅರಮನೆಯ ಅನ್ನದಲ್ಲಿ ಬೆಳೆದರೂ ಅವನಿಗೆ ತನ್ನವರ ಬವಣೆ ಮರೆಯಲಿಲ್ಲ. ಸುಮಾರು ನಲವತ್ತರ ವಯಸ್ಸಿನಲ್ಲಿ, ತನ್ನ ಜನರಲ್ಲೊಬ್ಬನನ್ನು ಹೊಡೆಯುತ್ತಿದ್ದ ಈಜಿಪ್ಟಿನವನನ್ನು ಕೊಂದು, ಮಿದ್ಯಾನಿಗೆ ಓಡಿಹೋದನು. ಅಲ್ಲಿ ಬಾವಿಯ ಬಳಿ ಕುರುಬರ ಕಾಟದಿಂದ ಕೆಲವು ಹೆಣ್ಣುಮಕ್ಕಳನ್ನು ಕಾಪಾಡಿದ್ದಕ್ಕೆ ಅವರ ತಂದೆ ಊಟಕ್ಕೆ ಕರೆಸಿದನು. ರಾಜಕುಮಾರನಂತೆ ಬೆಳೆದವನು ಪರದೇಶಿಯಾಗಿ ಇನ್ನೊಬ್ಬರ ಮನೆಯ ಅನ್ನಕ್ಕೆ ಕೈಯೊಡ್ಡಿದ ದಿನವದು. ಆ ಮನೆಯ ಚಿಪ್ಪೋರಳನ್ನು ವರಿಸಿ, ಮಾವನ ಕುರಿ ಕಾಯುತ್ತ ವರ್ಷಗಳನ್ನು ಕಳೆದನು. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯಿಂದ ದೇವರು ಕರೆದು, ಫರೋಹನ ಮುಂದೆ ಕಳುಹಿಸಿದಾಗ ಅವನಿಗೆ ಎಂಬತ್ತು ವರ್ಷ. ತಡವರಿಸುವ ನಾಲಿಗೆಯ ಆತನಿಗೆ ಅಣ್ಣ ಆರೋನನೇ ಬಾಯಾದನು. ಹತ್ತು ಉತ್ಪಾತಗಳೂ ಪಾಸ್ಖದ ರಾತ್ರಿಯೂ ಸಮುದ್ರ ದಾಟಿದ್ದೂ ಎಲ್ಲರೂ ಅರಿತ ಸಂಗತಿಗಳು.

ಈಜಿಪ್ಟನ್ನು ಬಿಟ್ಟ ಎರಡನೆಯ ತಿಂಗಳ ಹದಿನೈದನೆಯ ದಿನ ಸೀನ್ ಮರುಭೂಮಿಯಲ್ಲಿ ಜನರ ಗೊಣಗಾಟ ಆರಂಭವಾಯಿತು. ಬಿಡುಗಡೆಯ ಹರ್ಷವೆಲ್ಲ ಆರಿ, ಗುಲಾಮಗಿರಿಯ ನಾಡಿನ ಮಾಂಸದ ಪಾತ್ರೆಗಳೇ ನೆನಪಾದವು. ಸರ್ವೇಶ್ವರಸ್ವಾಮಿ ಅವರನ್ನು ಶಪಿಸಲಿಲ್ಲ. ಸಂಜೆ ಲಾವಕ್ಕಿಗಳು ಪಾಳೆಯವನ್ನು ಮುಚ್ಚಿದವು. ಮುಂಜಾನೆ ಇಬ್ಬನಿ ಆರಿದ ಮೇಲೆ ನೆಲದಲ್ಲಿ ಕೊತ್ತಂಬರಿ ಬೀಜದಂತಹ ಬಿಳಿಯ ಕಾಳು ಕಂಡಿತು. ಜೇನು ಬೆರೆಸಿದ ದೋಸೆಯಂತೆ ರುಚಿ. ಇದೇನೆಂದು ಒಬ್ಬರನ್ನೊಬ್ಬರು ಕೇಳಿದ ಪ್ರಶ್ನೆಯೇ ಅವರ ನುಡಿಯಲ್ಲಿ ಮನ್ನ ಎಂಬ ಹೆಸರಾಯಿತು.

ಆಗ ಮೋಶೆ ವಿಧಿಸಿದ ಕ್ರಮವನ್ನು ಗಮನಿಸಬೇಕು. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ಬಲಶಾಲಿಗಳು ಹೆಚ್ಚು ಬಾಚಿಕೊಂಡರು, ಮುದುಕರು ಮಕ್ಕಳು ಕಡಮೆ ಕೂಡಿಸಿದರು ಎಂದಿಟ್ಟುಕೊಳ್ಳೋಣ. ಅಳೆದು ನೋಡಿದಾಗ ಯಾರಿಗೂ ಮಿಗಲಿಲ್ಲ, ಯಾರಿಗೂ ಕೊರತೆಯಾಗಲಿಲ್ಲ. ಮಾತು ಮೀರಿ ಬೆಳಗಿನವರೆಗೆ ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳು ಹರಿದಾಡಿತು. ಮೋಶೆ ಸಿಟ್ಟಾದನು. ಆ ಸಿಟ್ಟು ನ್ಯಾಯವಾದುದೆಂದೇ ನನ್ನ ಎಣಿಕೆ. ಒಡೆಯನ ಉಗ್ರಾಣಕ್ಕೆ ಇಟ್ಟಿಗೆ ಹೊತ್ತವರು ಬಿಡುಗಡೆಯಾದ ತಿಂಗಳೊಪ್ಪತ್ತಿನಲ್ಲಿ ತಮ್ಮದೇ ಗುಡಾರದಲ್ಲಿ ಪುಟ್ಟ ಉಗ್ರಾಣವೊಂದನ್ನು ತೆರೆಯಲು ಹೊರಟಿದ್ದರು. ಕೂಡಿಟ್ಟವನು ಒಡೆಯನಾಗುವ, ಹಸಿದವನು ಅಡಿಯಾಳಾಗುವ ಕಥೆ ಮತ್ತೆ ಮೊದಲಾಗಬಾರದೆಂದೇ ಮನ್ನಕ್ಕೆ ಒಂದು ದಿನದ ಆಯುಸ್ಸು. ಆರನೆಯ ದಿನ ಮಾತ್ರ ಎರಡರಷ್ಟು ದೊರೆಯುತ್ತಿತ್ತು, ಅದು ಕೆಡುತ್ತಿರಲಿಲ್ಲ. ಏಕೆಂದರೆ ಮರುದಿನ ಸಬ್ಬತ್. ವಾರಕ್ಕೊಂದು ದಿನದ ಬಿಡುವನ್ನೇ ಕಾಣದ ಗುಲಾಮರಿಗೆ ವಿಶ್ರಾಂತಿಯನ್ನೂ ಮನ್ನವೇ ಕಲಿಸಿತು. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೂಡಿಸುವಾಗ ಈ ಸರಿಸಮಾನದ ಅಳತೆಯನ್ನೇ ನೆನಪಿಸಿದರು.

ಸೀನಾಯಿ ಪ್ರದೇಶದ ಒಂದು ಬಗೆಯ ಪೊದೆಮರದ ರಸ ಹೀರುವ ಸಣ್ಣ ಕೀಟಗಳು ಸಿಹಿಯಾದ ಕಾಳುಗಳನ್ನು ಸ್ರವಿಸುತ್ತವೆಂದು 1927ರಲ್ಲಿ ಅಲ್ಲಿಗೆ ಹೋದ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ವಿಜ್ಞಾನಿ ಬೋಡನ್‌ಹೈಮರ್ ವರದಿ ಮಾಡಿದರು. ಇದರಿಂದ ಭಕ್ತರು ಗಾಬರಿಯಾಗಬೇಕಾಗಿಲ್ಲ. ದೇವರು ಕೀಟದ ಮೂಲಕವೂ ಉಣಿಸಬಲ್ಲರು. ಆದರೆ ವರ್ಷದ ಕೆಲವೇ ವಾರ ಅಲ್ಪಸ್ವಲ್ಪ ದೊರೆಯುವ ಆ ಸಿಹಿಗೆ ವಾರದ ಏಳನೆಯ ದಿನ ಯಾವುದೆಂದು ತಿಳಿಯದು.

ಹಂಚುವವನ ಪಾಡು ಸುಲಭವಾಗಿರಲಿಲ್ಲ. ಕೆಲಕಾಲದಲ್ಲೇ ಮನ್ನವೂ ಜನರಿಗೆ ಸಪ್ಪೆಯಾಯಿತು. ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಗುಡಾರದ ಬಾಗಿಲುಗಳಲ್ಲಿ ಅತ್ತರು. ಈ ಜನರನ್ನೆಲ್ಲ ತಾನೇ ಹೆತ್ತೆನೋ ಎಂದು ಮೋಶೆ ದೇವರಲ್ಲಿ ನೊಂದು ನುಡಿದು, ಸಾವನ್ನೇ ಬೇಡಿದನು. ಮನೆಮಂದಿಗೆಲ್ಲ ಬಡಿಸಿ ಬೈಗುಳ ಕೇಳುವ ತಾಯಂದಿರಿಗೆ ಆ ನೋವು ಅರ್ಥವಾದೀತು. ದೇವರು ಅವನನ್ನು ಗದರಲಿಲ್ಲ. ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರನ್ನು ಕೊಟ್ಟರು.

ಕಾದೇಶಿನಲ್ಲಿ ನೀರಿಗಾಗಿ ಜಗಳವೆದ್ದಾಗ ಮಾತ್ರ ಅವನ ತಾಳ್ಮೆ ತಪ್ಪಿತು. ಬಂಡೆಗೆ ಮಾತಾಡಬೇಕಿದ್ದವನು ಕೋಪದಿಂದ ಎರಡು ಸಲ ಹೊಡೆದನು. ವಾಗ್ದತ್ತ ನಾಡಿಗೆ ಪ್ರವೇಶವಿಲ್ಲವೆಂಬ ತೀರ್ಪು ಬಂತು. ಎಷ್ಟು ಸಲ ಓದಿದರೂ ಈ ತೀರ್ಪು ಕಠಿಣವಾಗಿಯೇ ಕಾಣುತ್ತದೆ. ಮೋಶೆ ಬೇಡಿಕೊಂಡನು, ಅನುಮತಿ ಸಿಗಲಿಲ್ಲ. ಆದರೂ ಜನರನ್ನು ಬಿಟ್ಟುಹೋಗದೆ ನಾಡಿನ ಅಂಚಿನವರೆಗೂ ಕರೆತಂದನು.

ಮೋವಾಬಿನ ಬಯಲಿನಲ್ಲಿ ಕೊನೆಯ ಬಾರಿ ಜನರಿಗೆ ಉಪದೇಶಿಸಿದಾಗ ಮನ್ನದ ಅರ್ಥವನ್ನು ಆತನೇ ಬಿಡಿಸಿದನು. ಹಸಿವೂ ಮನ್ನವೂ ಜೊತೆಯಾಗಿ ಬಂದ ಪಾಠ. ಮನುಷ್ಯನ ಜೀವ ರೊಟ್ಟಿಯೊಂದರಿಂದಲೇ ಅಲ್ಲ, ದೇವರ ನುಡಿಯಿಂದಲೂ ನಿಂತಿದೆಯೆಂಬುದು ಅದರ ತಿರುಳು. ಮರುಭೂಮಿಯಲ್ಲಿ ಹಸಿದಿದ್ದ ಯೇಸುಸ್ವಾಮಿ ಸೈತಾನನಿಗೆ ಉತ್ತರವಾಗಿ ಎತ್ತಿಕೊಂಡದ್ದು ಮೋಶೆಯ ಇದೇ ಮಾತನ್ನು. ಕಫೆರ್ನವುಮಿನ ಪ್ರಾರ್ಥನಾಮಂದಿರದಲ್ಲಿ ಅವರು ಇನ್ನೂ ಮುಂದೆ ಹೋದರು. ಮನ್ನ ಕೊಟ್ಟವನು ಮೋಶೆಯಲ್ಲ, ತಮ್ಮ ಪಿತನೆಂದೂ, ಅದನ್ನು ಉಂಡವರು ಸತ್ತರೆಂದೂ, ಸ್ವರ್ಗದಿಂದಿಳಿದ ಜೀವದ ರೊಟ್ಟಿ ತಾವೇ ಎಂದೂ ಸಾರಿದರು. ಅಂದು ಅನೇಕ ಶಿಷ್ಯರು ಅವರನ್ನು ಬಿಟ್ಟುಹೋದರೆಂದು ಸಂತ ಯೊವಾನ್ನರು ಮುಚ್ಚಿಡದೆ ಬರೆದಿದ್ದಾರೆ. ಮೂರು ವರ್ಷಗಳಿಗೊಮ್ಮೆ ಪರಮಪ್ರಸಾದದ ಮಹೋತ್ಸವದಂದು ಮೋಶೆಯ ಉಪದೇಶವನ್ನೂ ಯೇಸುಸ್ವಾಮಿಯ ಉಪದೇಶವನ್ನೂ ಒಂದೇ ಬಲಿಪೂಜೆಯಲ್ಲಿ ಓದುವುದು ಈ ಕಾರಣಕ್ಕೆ. ಬಲಿಪೀಠದ ಮುಂದೆ ಜಮೀನ್ದಾರನಿಗೂ ಕೂಲಿಯವಳಿಗೂ ದೊರೆಯುವುದು ಒಂದೇ ಅಳತೆ.

ಮೋಶೆ ನೆಬೋ ಬೆಟ್ಟವೇರಿದನು. ಈಗ ಜೋರ್ಡನ್ ದೇಶದಲ್ಲಿರುವ ಆ ಬೆಟ್ಟದ ಮೇಲೆ ಜಗದ್ಗುರು ಎರಡನೆಯ ಜಾನ್ ಪಾಲರು 2000ದ ಮಾರ್ಚ್ ತಿಂಗಳಲ್ಲಿ ನಿಂತು ಪ್ರಾರ್ಥಿಸಿದರು. ಅಲ್ಲಿಂದ ಮೋಶೆ ಜೆರಿಕೋವಿನ ಖರ್ಜೂರದ ತೋಪುಗಳನ್ನು, ದೂರದ ಬಯಲುಗಳನ್ನು ಕಣ್ತುಂಬ ನೋಡಿದನು. ನೂರ ಇಪ್ಪತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನು. ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಜನರು ಮೂವತ್ತು ದಿನ ಗೋಳಾಡಿದರು. ಅನಂತರ ಯೆಹೋಶುವನು ಅವರನ್ನು ಜೋರ್ಡನ್ ನದಿ ದಾಟಿಸಿದನು. ಗಿಲ್ಗಾಲಿನಲ್ಲಿ ಪಾಸ್ಖ ಆಚರಿಸಿದ ಮರುದಿನ ಅವರು ಆ ನಾಡಿನ ಧಾನ್ಯದಿಂದ ಹುಳಿಯಿಲ್ಲದ ರೊಟ್ಟಿ ಸುಟ್ಟರು, ಕಾಳು ಹುರಿದು ತಿಂದರು. ಅದರ ಮಾರನೆಯ ಮುಂಜಾನೆ ನೆಲದ ಮೇಲೆ ಮನ್ನ ಇರಲಿಲ್ಲ.